ಅಮ್ಮನ ಸ್ಟೂಲು

"ಆ ಕಡೆ ಓರೆ ಮಾಡ್ರೋ, ಬಾಗಿಲಿಗೆ ತಾಗತ್ತೆ!"

ಶವದ ಪೆಟ್ಟಿಗೆ ಕಡೆಗೂ ಹೊಸಿಲು ದಾಟಿತು. ಅದರ ಹಿಂದೆಯೇ ಮಗ ಅಮ್ಮನ ಮರದ ಸ್ಟೂಲು ಹಿಡಿದು ಹೊರಬಂದ.

"ಅದ್ಯಾಕಣ್ಣ?" ತಂಗಿ ಕೇಳಿದಳು.

"ಅಮ್ಮನ ಜೊತೆ ಇದನ್ನೂ ಹೂತುಬಿಡೋಣ. ಮನೇಲಿದ್ರೆ ನಿನ್ನ ತಲೆ ಕೆಡತ್ತೆ."

ಅಮ್ಮ ದುಡಿದ ಬಾಟಲಿ ಫ್ಯಾಕ್ಟರಿಯಲ್ಲೇ, ಬಾಟಲಿ ಸಾಗಿಸುವ ಅದೇ ಬೆಲ್ಟಿನ ಪಕ್ಕ, ಈಗ ತಂಗಿಯ ಕೆಲಸ. ಮಣ್ಣಿಗೆಂದು ಸಿಕ್ಕಿದ್ದು ಅರ್ಧ ದಿನದ ರಜೆ. ಹೋದ ವಾರ ಹೊಸ ಮ್ಯಾನೇಜರು ಹೆಂಗಸರ ಸ್ಟೂಲುಗಳನ್ನೆಲ್ಲ ಎತ್ತಿಸಿದ್ದ. ನಿಂತರೆ ಕೈ ಚುರುಕಾಗುತ್ತದಂತೆ. ಅವತ್ತಿನಿಂದ ಎಲ್ಲರೂ ಇವಳ ಮುಖ ನೋಡುತ್ತಿದ್ದರು. ಇವಳು ಬಾಟಲಿ ನೋಡುತ್ತಿದ್ದಳು.

"ಹೂಳೋದು ಬೇಡಪ್ಪ," ಫ್ಯಾಕ್ಟರಿಯಲ್ಲಿ ಬಾಟಲಿಗೆ ಮುಚ್ಚಳ ಹಾಕುವ ಅಕ್ಕ ಅಂದಳು. "ನಮಗೆಲ್ಲ ಕೂರೋಕೆ ಕಲಿಸಿದೋಳು ನಿಮ್ಮಮ್ಮ."

"ನಿಮಗೇನಕ್ಕ, ಬಾಯಿಮಾತು. ಕೆಲಸ ಹೋದ್ರೆ ಇವಳ ಮಕ್ಕಳಿಗೆ ನೀವು ಅನ್ನ ಹಾಕ್ತೀರಾ?"

ಅಣ್ಣ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

*

ಅಮ್ಮನ ಕಾಲದಲ್ಲಿ ಬಸುರಿಯರೂ ನಿಂತೇ ದುಡಿಯುತ್ತಿದ್ದರು. ಅಮ್ಮ ಒಂದು ದಿನ ಮನೆಯಿಂದ ಸ್ಟೂಲು ಹೊತ್ತು ಹೋದಳು. ಮೇಸ್ತ್ರಿ ಅದನ್ನು ಕಿತ್ತು ಗೇಟಿನಾಚೆ ಇಟ್ಟ. ಮರುದಿನ ಮತ್ತೆ ತಂದಳು.

"ಇದೇನು ನಿನ್ನ ಮಾವನ ಮನೆಯಾ?"

"ಮಾವನ ಮನೇಲಿ ಯಾರು ಕೂರಿಸ್ತಾರೆ ಸಾರ್? ಅದಕ್ಕೇ ಇಲ್ಲಿಗೆ ತಂದೆ."

ಸ್ಟೂಲು ಮತ್ತೆ ಹೋಯಿತು. "ಹಾಗಾದ್ರೆ ನೆಲದ ಮೇಲೇ ಕೂರ್ತೀವಿ. ಬೆಲ್ಟ್ ನಿಲ್ಸಿ ಸಾರ್, ಬಾಟಲಿ ಒಡೀತವೆ," ಅಂದಳು. ಮೇಸ್ತ್ರಿ ನಕ್ಕ.

ಹೆಂಗಸರು ಒಬ್ಬೊಬ್ಬರಾಗಿ ಕೂತರು. ಬೆಲ್ಟು ಅವರ ತಲೆಗಿಂತ ಮೇಲೆ ಓಡುತ್ತಿತ್ತು. ಎತ್ತುವವರಿಲ್ಲದೆ ಬಾಟಲಿಗಳು ತುದಿಗೆ ಹೋಗಿ ಬೀಳತೊಡಗಿದವು. ಯಾರೂ ಕೂಗಲಿಲ್ಲ, ಯಾರೂ ಏಳಲಿಲ್ಲ. ಕಡೆಗೆ ಓಡಿಹೋಗಿ ಸ್ವಿಚ್ಚು ಆರಿಸಿದವನು ಮೇಸ್ತ್ರಿಯೇ.

ಎಲ್ಲರಿಗೂ ಸ್ಟೂಲು ಬಂತು. ಅಮ್ಮನನ್ನು ಮಾತ್ರ ಒಡಕು ಗಾಜು ಆರಿಸುವ ಕೆಲಸಕ್ಕೆ ಹಾಕಿದರು. ಅಲ್ಲಿ ಕೂರಲು ಜಾಗವಿರಲಿಲ್ಲ.

*

ಸ್ಮಶಾನಕ್ಕೆ ಆ ಮೇಸ್ತ್ರಿಯೂ ಬಂದಿದ್ದ. ಈಗ ಮುದುಕ; ಮಂಡಿ ಹಿಡಿದುಕೊಂಡು ಗುಂಡಿಯ ಪಕ್ಕ ನಿಂತಿದ್ದ. ತಂಗಿ ಅಣ್ಣನ ಕೈಯಿಂದ ಸ್ಟೂಲು ತೆಗೆದು ಅವನ ಹಿಂದೆ ಇಟ್ಟಳು. ಅವನು ತಿರುಗಿ ಅದನ್ನೇ ತುಸು ಹೊತ್ತು ನೋಡಿ, ಕೂತ.

ಪೆಟ್ಟಿಗೆ ಇಳಿಸಿದ್ದಾಯಿತು. ಮಗ ಬಂದು ಕೈ ಚಾಚಿದ.

"ಸ್ವಲ್ಪ ಏಳಿ ಸಾರ್. ಸ್ಟೂಲೂ ಒಳಗೆ ಹಾಕ್ಬೇಕು."

"ಏಳೋಕಾಗಲ್ಲಪ್ಪ. ಮಂಡಿ."

"ನಾನು ಹಿಡ್ಕೋತೀನಿ."

"ಬೇಡ."

ಗುಂಡಿ ತೋಡಿದವನು ಸಲಿಕೆ ಊರಿ ನಿಂತ. "ಮುಚ್ಲೋ ಬೇಡ್ವೋ? ಬೇಗ ಹೇಳ್ರಪ್ಪ."

"ಮುಚ್ಚು," ಮೇಸ್ತ್ರಿ ಕೂತಲ್ಲಿಂದಲೇ ಅಂದ.

"ನೀನಾದ್ರೂ ಹೇಳೇ," ಮಗ ತಂಗಿಯ ಕಡೆ ತಿರುಗಿದ.

ಅವಳು ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಗುಂಡಿಗೆ ಹಾಕಿದಳು. ಉಳಿದದ್ದನ್ನು ಸಲಿಕೆ ಮಾಡಿತು.

ಗುಂಡಿ ತುಂಬಿದ ಮೇಲೆ ಮೇಸ್ತ್ರಿ ಯಾರ ಕೈಯನ್ನೂ ಹಿಡಿಯದೆ ಎದ್ದು ಹೋದ.

ರಸ್ತೆಯಲ್ಲಿ ಫ್ಯಾಕ್ಟರಿಯ ಎರಡನೇ ಪಾಳಿಯ ಬಸ್ಸು ಹಾರ್ನ್ ಹೊಡೆಯಿತು. ತಂಗಿ ಸ್ಟೂಲನ್ನು ತಲೆಕೆಳಗು ಮಾಡಿ ಕಾಲುಗಳ ಮಣ್ಣು ಕೊಡವಿದಳು. ಬಸ್ಸಿನ ಬಾಗಿಲು ಕಿರಿದು. ಸ್ಟೂಲು ಸಿಕ್ಕಿಕೊಂಡಿತು.

"ಆ ಕಡೆ ಓರೆ ಮಾಡೇ," ಮುಚ್ಚಳದಕ್ಕ ಒಳಗಿಂದ ಕೈ ನೀಡಿದಳು.