ಒಂಬತ್ತಕ್ಕೆ ಇಳಿದದ್ದು

ನನ್ನ ತಮ್ಮನ ಬಲಗಾಲು ಮುರಿದಾಗ ಮೂಳೆಯೊಳಗೆ ರಾಡ್ ಹಾಕಿದ್ದರು. ಹೊಲಿಗೆ ಹಾಕಿದ ಜಾಗ ಒಣಗಿತು, ಕಾಲಿನ ಬಿಸಿ ಮಾತ್ರ ಆರಲಿಲ್ಲ. ನಾವು ದರ್ಜಿಗಳು. ನಾನು ಅಳೆದು ಕತ್ತರಿಸುವವನು, ಅವನು ಹೊಲಿಯುವವನು. ಮಿಷನ್ನಿಗೆ ಮೋಟಾರು ಹಾಕಿಸೋಣ ಎಂದರೆ ಅವನು ಒಪ್ಪುತ್ತಿರಲಿಲ್ಲ.

"ಮೋಟಾರಿಗೆ ಬಟ್ಟೆ ಯಾವುದು, ಬೆರಳು ಯಾವುದು ಅಂತ ಗೊತ್ತಾಗಲ್ಲ ಅಣ್ಣ. ನನ್ನ ಕಾಲಿಗೆ ಗೊತ್ತಾಗುತ್ತೆ."

ಆ ಕಾಲೇ ಅವನ ಕಸುಬು.

ಮೂಳೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸಿಆರ್‌ಪಿ ಅಂತೆ. ಎಂಬತ್ತಾರು ಬಂತು.

"ಪರವಾಗಿಲ್ವೇ, ಫಸ್ಟ್ ಕ್ಲಾಸ್," ಎಂದ ತಮ್ಮ.

"ಇದು ಮಾರ್ಕ್ಸ್ ಅಲ್ಲಪ್ಪ," ಎಂದರು ಡಾಕ್ಟರು. "ಮೈಯೊಳಗೆ ಉರಿಯೂತ ಇದ್ರೆ ಇದು ಏರುತ್ತೆ. ಹೊಗೆ ಇದ್ದ ಹಾಗೆ. ಬೆಂಕಿ ಎಲ್ಲಿದೆ ಅಂತ ಹೇಳಲ್ಲ, ಇದೆ ಅಂತ ಹೇಳುತ್ತೆ. ಐದರ ಒಳಗಿರ್ಬೇಕು. ಮಾತ್ರೆ ಮುಗಿದ ಮೇಲೆ ಮತ್ತೆ ಮಾಡಿಸಿ. ಇಳಿದಿಲ್ಲ ಅಂದ್ರೆ ಅವತ್ತೇ ಬನ್ನಿ, ಕಾಲು ತೆರೆದು ತೊಳೀಬೇಕು. ತಡ ಮಾಡಿದ್ರೆ ಕಾಲು ಉಳಿಯಲ್ಲ."

ಇಳಿದರೂ ತಂದು ತೋರಿಸಿ ಎಂದೂ ಹೇಳಿದ್ದರು. ಆ ಮಾತು ನಮ್ಮ ಕಿವಿಯಲ್ಲಿ ನಿಲ್ಲಲಿಲ್ಲ.

ಆಸ್ಪತ್ರೆ ದೂರ. ಆ ಕಾಲಿಟ್ಟುಕೊಂಡು ಬಸ್ಸು ಹತ್ತಿ ಇಳಿಯುವುದು ಬೇಡವೆಂದು ಎರಡನೆಯ ಸಲ ನಮ್ಮ ಬೀದಿಯ ಲ್ಯಾಬಿನಲ್ಲೇ ರಕ್ತ ಕೊಟ್ಟೆವು. ಚೀಟಿ ತಂದವಳು ತಮ್ಮನ ಹೆಂಡತಿ. ನಮ್ಮಿಬ್ಬರಿಗಿಂತ ನಾಲ್ಕಕ್ಷರ ಹೆಚ್ಚು ಬಲ್ಲವಳು. ಅಂಗಡಿಯ ಬಾಗಿಲಿನಿಂದಲೇ ಕೂಗಿದಳು:

"ಭಾವ, ಒಂಬತ್ತು! ಒಂಬತ್ತು ಪಾಯಿಂಟ್ ನಾಲ್ಕು!"

ನಮ್ಮಲ್ಲಿ ಅಳತೆ ಕೂಗುವಾಗ ಇಂಚು ಎಂಬ ಮಾತೇ ಬರುವುದಿಲ್ಲ. ಮೂವತ್ತೆರಡು, ಹದಿನಾಲ್ಕೂವರೆ, ಅಷ್ಟೇ. ನಾನು ಕೂಗುವುದು, ಅವಳು ಬರೆದುಕೊಳ್ಳುವುದು. ಮದುವೆಯಾಗಿ ಬಂದಾಗಿನಿಂದ ಹೀಗೆಯೇ ನಡೆದಿತ್ತು. ಸಂಖ್ಯೆಯ ಪಕ್ಕದಲ್ಲಿ ಇನ್ನೇನು ಬರೆದಿದೆ ಎಂದು ನೋಡುವ ರೂಢಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಎಂಬತ್ತಾರು ಹೋಗಿ ಒಂಬತ್ತಾ!" ತಮ್ಮ ತೊಡೆ ತಟ್ಟಿಕೊಂಡ. "ಮಿಕ್ಕಿದ್ದು ನೆಗಡಿ ಹಾಗೆ ತಾನೇ ಹೋಗುತ್ತೆ ಬಿಡು."

"ಹಾಗಾದ್ರೆ ಏಳಿ ಮೇಲೆ," ಎಂದಳು ಅವಳು. "ಮಂಚ ಕಾದದ್ದು ಸಾಕು. ಗಿರಾಕಿಗಳು ಭಾವನ ತಲೆ ತಿಂತಿದಾರೆ."

ಅಂದೇ ಮಿಷನ್ನಿಗೆ ಕೂತ. ಅವಳು ನಗುವುದನ್ನು ನೋಡಿ ಎಷ್ಟೋ ಕಾಲವಾಗಿತ್ತು. ಸಂಜೆ ಅವನ ಕಾಲು ಮುಟ್ಟಿ ನೋಡಿದೆ.

"ಇನ್ನೂ ಬಿಸಿ ಇದ್ಯಲ್ಲೋ."

"ದಿನವಿಡೀ ತುಳಿದ ಕಾಲು ತಣ್ಣಗಿರುತ್ತಾ ಅಣ್ಣ?"

ಆಮೇಲೆ ಜ್ವರ ಬಂತು. ಕಂಬಳಿ ಹೊದ್ದು ಹೊಲಿದ. ನಡುಕಕ್ಕೆ ಹೊಲಿಗೆ ಸೊಟ್ಟಗೆ ಹೋದರೆ ದಾರವನ್ನು ಬೈದ. ಹಳೆಯ ಗಾಯ ಒಡೆದು ಕೀವು ಸುರಿದ ದಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು.

ಡಾಕ್ಟರು ಎರಡೂ ಚೀಟಿಗಳನ್ನು ಮಂಚದ ಮೇಲೆ ಅಕ್ಕಪಕ್ಕ ಇಟ್ಟರು. ತಮ್ಮನ ಹೆಂಡತಿ ಆಗ ಔಷಧಿ ತರಲು ಹೋಗಿದ್ದಳು.

"ನಮ್ಮದು ಲೀಟರಿನ ಲೆಕ್ಕ. ಇದು ಡೆಸಿಲೀಟರಿಂದು, ಅಂದ್ರೆ ಲೀಟರಿನ ಹತ್ತರಲ್ಲೊಂದು ಪಾಲು. ಇವರ ಒಂಬತ್ತು ಪಾಯಿಂಟ್ ನಾಲ್ಕು ನಮ್ಮ ತೊಂಬತ್ತನಾಲ್ಕು. ಇಳಿದಿಲ್ಲ, ಏರಿದೆ. ಅರ್ಧದ ಒಳಗಿರ್ಬೇಕು ಅಂತ ಪಕ್ಕದಲ್ಲೇ ಹಾಕಿದಾರಲ್ಲ."

ನನ್ನ ಕೊರಳಲ್ಲಿ ಟೇಪು ಹಾಗೇ ಜೋತಾಡುತ್ತಿತ್ತು. ಅದಕ್ಕೂ ಒಂದು ಕಡೆ ಇಂಚು, ಇನ್ನೊಂದು ಕಡೆ ಸೆಂಟಿಮೀಟರು. ಬಿಡಿಸಿ ಹೇಳಬೇಕಾಗಲಿಲ್ಲ.

"ಅವತ್ತೇ ಬಂದಿದ್ರೆ ಸಾರ್?"

"ತೊಳೆದು ನೋಡ್ತಿದ್ವಿ. ಈಗ ನಂಜು ರಕ್ತಕ್ಕೆ ಹೋಗಿದೆ. ಕಾಲು ತೆಗೆದ್ರೆ ಜೀವ ಉಳೀಬಹುದು."

ಅವರು ಹೋದ ಮೇಲೆ ತಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡ. ಕೈ ಸುಡುತ್ತಿತ್ತು.

"ಅಣ್ಣ, ಅವಳಿಗೆ ಹೇಳ್ಬೇಡ. ಚೀಟಿ ಓದಿದ್ದು ಅವಳು. ನಂದು ಕಾಲು ಹೋಗುತ್ತೆ ಅಷ್ಟೇ. ಅವಳು ಬದುಕಿರೋ ತನಕ ಕೊರಗ್ತಾಳೆ."

ನಾನು ಚೀಟಿಗಳನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. ಅವಳು ಓಡಿಬಂದಳು.

"ಏನಂದ್ರು ಭಾವ?"

"ಕಾಲು ತೆಗೀಬೇಕಂತೆ ತಾಯಿ."

ಅವಳು ಗೋಡೆ ಹಿಡಿದು ಬೆಂಚಿನ ಮೇಲೆ ಕೂತಳು.

"ಒಂಬತ್ತಕ್ಕೆ ಇಳಿದಿತ್ತಲ್ಲ ಭಾವ? ನಾನೇ ನೋಡಿದ್ನಲ್ಲ?"

"ಇಳಿದಿತ್ತಮ್ಮ. ಆಮೇಲೆ ಏರಿತಂತೆ."

ಅವಳು ನನ್ನ ಮುಖವನ್ನೇ ನೋಡಿದಳು.

"ಆ ಚೀಟಿ ಕೊಡಿ ಇಲ್ಲಿ."

"ಡಾಕ್ಟ್ರ ಹತ್ರ ಉಳೀತು," ಎಂದೆ.

ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳ ಕಣ್ಣು ನನ್ನ ಜೇಬಿನ ಮೇಲಿತ್ತು.