ಹೊನ್ನಪ್ಪನ ಕಲ್ಲಾದ ಸಿಮೆಂಟು

ಸಂತೆಬಾಚಹಳ್ಳಿಯ ಹೊನ್ನಪ್ಪ ಆಲೆಮನೆಯಲ್ಲಿ ಬೆಲ್ಲ ಹುಯ್ಯುವುದರಲ್ಲಿ ಹೆಸರಾದವನು. ತೊಂಬತ್ತಾರರ ಮುಂಗಾರಿನಲ್ಲಿ, ಬಚ್ಚಲಲ್ಲಿ ಕೂತು ಮೀಯಲು ಒಂದು ಕಟ್ಟೆ ಬೇಕೆಂದು ಪಾಂಡವಪುರದಿಂದ ಸಿಮೆಂಟು ಮೂಟೆ ತಂದು ಹಿತ್ತಿಲ ಮಾಡಿನ ಕೆಳಗಿಟ್ಟ. ಬಿಡದೆ ಮಳೆ ಹಿಡಿದು ಮಾಡು ಸೋರಿತು. ಸಿಮೆಂಟು ಮೂಟೆಯ ಆಕಾರದಲ್ಲೇ ಕಲ್ಲಾಯಿತು.

"ಎತ್ತಿ ಆಚ್ಗಾಕು," ಅಂದಳು ಹೆಂಡತಿ ಪಾರ್ವತಮ್ಮ.

"ಓದ್ವರ್ಸ ನೀರಾಗಿದ್ದ ಬೆಲ್ಲನ ಕಾಯ್ಸಿ ಮತ್ತೆ ಅಚ್ಚು ಹುಯ್ಲಿಲ್ವಾ? ಇದೂ ಅಂಗೇ ಕಣಮ್ಮಿ. ಪುಡಿ ಹೋಗಿ ಕಲ್ಲಾಗ್ಬುಟ್ಟದೆ, ಕಲ್ಲ ಪುಡಿ ಮಾಡುದ್ರಾಯ್ತು."

ಸುತ್ತಿಗೆಯಲ್ಲಿ ಒಡೆದು, ಕುಕ್ಕೆಗೆ ತುಂಬಿ, ಹಿಟ್ಟಿನ ಮಿಲ್ಲಿಗೆ ಹೊತ್ತ. ಮಿಲ್ಲಿನವನು ಕುಕ್ಕೆಯೊಳಗೆ ಇಣುಕಿದವನೇ ಸ್ವಿಚ್ಚು ಆರಿಸಿ ಊಟಕ್ಕೆ ಹೊರಟುಬಿಟ್ಟ. ಹೊನ್ನಪ್ಪ ಮನೆಗೆ ಬಂದು ಹೆಂಡತಿಯ ಒರಳಲ್ಲೇ ಕುಟ್ಟಿ, ಅವಳ ಜರಡಿಯಲ್ಲೇ ಹಿಡಿದ. ಪುಡಿ ನುಣ್ಣಗೇ ಬಂತು. ಗಾರೆ ಕೆಲಸದ ಇಮಾಮ್ ಸಾಬರು ಅದನ್ನು ನೋಡಿದ್ದೇ ತಡ, ನಾಗಮಂಗಲದಲ್ಲೊಂದು ಮದುವೆ ಇರುವುದನ್ನು ನೆನಪು ಮಾಡಿಕೊಂಡು ಸೈಕಲ್ಲೇರಿದರು. ಕಟ್ಟೆಯನ್ನು ಹೊನ್ನಪ್ಪ ತಾನೇ ಕಟ್ಟಿದ.

ಒಣಗಿದ ಮೇಲೆ ನೋಡಲು ಚೆನ್ನಾಗಿಯೇ ಇತ್ತು. ಭಾನುವಾರ ಮೈಗೆ ಹರಳೆಣ್ಣೆ ಬಳಿದುಕೊಂಡು ದೊರೆಯ ಹಾಗೆ ಅದರ ಮೇಲೆ ಕೂತ. ಮೊದಲ ಚೆಂಬಿಗೆ ಅಂಚು ಕರಗಿತು. ಎರಡನೆಯದಕ್ಕೆ ಕಟ್ಟೆಯೇ ಕುಸಿದು, ಎಣ್ಣೆ ಮೈಗೆಲ್ಲ ಬೂದು ಕೆಸರು ಮೆತ್ತಿಕೊಂಡು ಹೊನ್ನಪ್ಪ ಅಂಗಾತ ಬಿದ್ದ.

ಪಾರ್ವತಮ್ಮ ರಟ್ಟೆ ಹಿಡಿದೆತ್ತಿದಳು. "ಬೆಲ್ಲ ಕರಗುದ್ರೂ ಬೆಲ್ಲವೇ. ಸಿಮೆಂಟು ನೀರು ಕುಡುದ್ರೆ ಬ್ಯಾರೆ ವಸ್ತುನೇ ಆಗೋಯ್ತದೆ. ಬೆಂದ ಮುದ್ದೆನ ಒಣಗ್ಸಿ ಬೀಸುದ್ರೆ ಮತ್ತೆ ಹಸಿ ಹಿಟ್ಟಾದದಾ?"

"ಆಗ್ದೆ ಏನು," ಅಂದ ಹೊನ್ನಪ್ಪ, ಸೊಂಟ ಉಜ್ಜಿಕೊಳ್ಳುತ್ತ.

ಅವಳು ಊಟದಲ್ಲಿ ಮಿಕ್ಕ ರಾಗಿ ಮುದ್ದೆಗಳನ್ನು ಚೂರು ಮಾಡಿ ಬಿಸಿಲಿಗೆ ಒಣಗಿಸಿ, ಬೀಸಿ, ಒಂದು ಮಧ್ಯಾಹ್ನ ಎಸರಿಗೆ ಸುರಿದಳು. ಕೋಲಿನಲ್ಲಿ ಎಷ್ಟು ತಿರುವಿದರೂ ಉಂಡೆ ಕಟ್ಟಲಿಲ್ಲ. ಹಾಗೆಯೇ ಗಂಡನ ತಟ್ಟೆಗೆ ಬಡಿಸಿದಳು. ಅದು ತರಿತರಿಯಾಗಿ ತಟ್ಟೆ ತುಂಬ ಹರಿಯಿತು. ಹೊನ್ನಪ್ಪ ಮುರಿಯಲು ನೋಡಿದ, ಬೆರಳಿಗೆ ಸಿಗಲಿಲ್ಲ. ಕೊನೆಗೆ ಉಪ್ಸಾರು ಕಲಸಿ ತಟ್ಟೆಯೆತ್ತಿ ಕುಡಿದ.

ಕೈ ತೊಳೆದು ಬಂದು ಗಂಭೀರವಾಗಿ ಹೇಳಿದ: "ಸಿಮೆಂಟು ಬೆಂದೋಗ್ಬುಟ್ಟದೆ ಅಂತ ಅವತ್ತೇ ಒಂದ್ಮಾತು ಹೇಳ್ಬಾರ್ದಿತ್ತಾ? ಅಷ್ಟು ಕುಟ್ಟೋದು ತಪ್ಪೋದು."

ಪಾರ್ವತಮ್ಮ ತನಗೆಂದು ಬೇರೆ ಕಟ್ಟಿಟ್ಟಿದ್ದ ಬಿಸಿ ಮುದ್ದೆಯನ್ನು ಮುಂದಿಟ್ಟುಕೊಂಡು ಊಟಕ್ಕೆ ಕೂತಳು.