ಆ ದಿನ ಅವನು ಎತ್ತ ನೋಡುತ್ತಿದ್ದ

ಆ ಮೂರು ಪುಟ ಕಿತ್ತುಹಾಕು ಎಂದು ಗೈಡ್ ಮೇಡಂ ಬೆಳಗ್ಗೆಯೇ ಹೇಳಿದ್ದರು. ಪ್ರಬಂಧ ಒಪ್ಪಿಸಲು ಉಳಿದದ್ದು ನಾಲ್ಕೇ ದಿನ. ಅವಳು ತಲೆಯಾಡಿಸಿದಳು, ಕೀಳಲಿಲ್ಲ.

ಪುಟಗಳಲ್ಲಿದ್ದದ್ದು ಒಂದು ಹಳ್ಳದ ಎಣಿಕೆ. ಹಳ್ಳ ಗುಡ್ಡದ ಮೇಲಿದೆ, ಅದರ ಕಲ್ಲು ಮಾತ್ರ ಸಮುದ್ರತಳದ್ದು. ಒಂದು ಭೂಫಲಕ ಇನ್ನೊಂದರ ಅಡಿಗೆ ನುಗ್ಗುವ ಕಡೆ, ಮುಳುಗಿಹೋಗಬೇಕಿದ್ದ ಚೂರೊಂದು ಉಳಿದುಕೊಂಡು ನೆಲದ ಮೇಲೆ ಹತ್ತಿ ಕೂತಿದೆ. ಓಫಿಯೋಲೈಟ್ ಎಂದರೆ ಅದೇ. ಸಮುದ್ರತಳ ಬಿರಿದಾಗ ಕರಗಿದ ಕಲ್ಲು ಬಿರುಕಿಗೆ ನುಗ್ಗಿ ಗೋಡೆಯಂತೆ ಗಟ್ಟಿಯಾಗುತ್ತದೆ. ಮುಂದಿನ ಬಿರುಕು ಬೀಳುವುದು ಹೆಚ್ಚಾಗಿ ಆ ಗೋಡೆಯ ನಟ್ಟನಡುವೆ. ಅರ್ಧ ಗೋಡೆ ಅತ್ತ, ಅರ್ಧ ಇತ್ತ. ಪ್ರತಿ ಅರ್ಧಕ್ಕೂ ಒಂದೇ ಬದಿಯಲ್ಲಿ, ಬೇಗ ತಣಿದ ಕಪ್ಪು ಅಂಚು. ಅಂಚುಗಳು ಯಾವ ಕಡೆಗೆ ಹೆಚ್ಚಿವೆ ಎಂದು ಎಣಿಸಿದರೆ ಬಿರಿದ ಜಾಗ ಎತ್ತಲಿತ್ತು ಎಂದು ತಿಳಿಯುತ್ತದೆ.

ಎರಡು ಬೇಸಿಗೆ ಅವಳೂ ಉದ್ದಪ್ಪನೂ ಎಣಿಸಿದ್ದು ಇದನ್ನೇ. ಆರಡಿ ಮೂರಂಗುಲದ ಅವನಿಗೆ ವಿಭಾಗದವರು ಇಟ್ಟ ಹೆಸರು ಅದು. ಅವನು ಪೂರ್ವಕ್ಕೆ ಮುಖ ಮಾಡಿ 'ಎಡ', 'ಬಲ' ಎಂದು ಕೂಗಬೇಕು, ಅವಳು ಎಡವನ್ನು ಉತ್ತರ, ಬಲವನ್ನು ದಕ್ಷಿಣ ಎಂದು ಬರೆದುಕೊಳ್ಳಬೇಕು. ಈ ಮೂರು ಪುಟಗಳಲ್ಲಿದ್ದ, ಕೊನೆಯ ದಿನದ ನಲವತ್ತೊಂದು ಗೋಡೆಗಳು ಮಾತ್ರ ಉಳಿದ ಎಣಿಕೆಗೆ ತದ್ವಿರುದ್ಧ. ಅವನ ಮುಖ ಎತ್ತಲಿತ್ತೆಂದು ಆ ಪುಟಗಳಲ್ಲಿ ಬರೆದಿಲ್ಲ. ಬರೆಯಬೇಕಿದ್ದವಳು ಅವಳೇ.

ಅವನು ಗಣಿ ಕೆಲಸಕ್ಕೆ ಹೋಗಿ ಎಂಟು ತಿಂಗಳಾಗಿತ್ತು. ಹೋಗುವ ದಿನ ಇಬ್ಬರೂ ಬಾಯಿ ಬಿಡಲಿಲ್ಲ, ಆಮೇಲೆ ಫೋನೂ ಇಲ್ಲ. ಈಗ ಕಾರಣ ಸಿಕ್ಕಿತ್ತು. ಅವನಿಗೆ ನೆನಪಿಲ್ಲದಿರಲಿ ಎಂದು ಅವಳು ಹಾರೈಸಿದಳು. ನೆನಪಿಲ್ಲದಿದ್ದರೆ ಇಬ್ಬರೂ ಹಳ್ಳಕ್ಕೆ ಹೋಗಿ ನೋಡಲೇಬೇಕು. ಬಸ್ಸಿನ ಹೊತ್ತನ್ನೂ ವಿಚಾರಿಸಿಟ್ಟಿದ್ದಳು.

ಅವನು ಫೋನೆತ್ತಿದವನೇ, ಸತ್ತಿದ್ದೀಯೋ ಬದುಕಿದ್ದೀಯೋ ಎಂದು ಗದರಿದ. ಅವಳು ವಿಷಯ ಹೇಳಿದಳು.

"ಪಶ್ಚಿಮಕ್ಕೆ," ಎಂದ, ಯೋಚಿಸಲೂ ಇಲ್ಲ.

"ಅಷ್ಟು ಖಾತ್ರಿಯಾಗಿ ಹೇಗೆ ಹೇಳ್ತೀಯ?"

"ನೀನು ಎದುರಿಗೆ ಬಂಡೆ ಮೇಲೆ ಕೂತಿದ್ದೆ. ಬೆಳಗಿನ ಬಿಸಿಲು ನೆಟ್ಟಗೆ ನಿನ್ನ ಮುಖಕ್ಕೆ. ಮಾರನೇ ದಿನ ಮೂಗು ಸಿಪ್ಪೆ ಎದ್ದಿತ್ತಲ್ಲ, ಮರೆತುಬಿಟ್ಯಾ? ಕೊನೇ ದಿನ ಅಂತ ನಾನು ಕಲ್ಲಿಗಿಂತ ನಿನ್ನನ್ನೇ ಜಾಸ್ತಿ ನೋಡ್ತಿದ್ದೆ. ನೀನು ತಲೆ ಎತ್ತಲಿಲ್ಲ."

ಯಾರೋ ಅವನನ್ನು ಕೂಗಿದರು. ಪಾಳಿ ಬದಲಾಗುವ ಹೊತ್ತು, ಇನ್ನೇನಾದರೂ ಕೇಳುವುದಿದೆಯೇ ಎಂದ. ಅವಳು ಪುಸ್ತಕ ತಿರುವಿದಳು. ಉಳಿದ ಪುಟಗಳಲ್ಲೆಲ್ಲ ದಿಕ್ಕು, ತಾರೀಖು, ಹೊತ್ತು ಅವಳದೇ ಅಚ್ಚುಕಟ್ಟು ಅಕ್ಷರದಲ್ಲಿತ್ತು. ಕೇಳಲು ಒಂದು ಅನುಮಾನವೂ ಸಿಗಲಿಲ್ಲ.

"ಇಲ್ಲ," ಎಂದಳು.

ಮೇಡಂ ಬಾಗಿಲಲ್ಲಿ ಇಣುಕಿ, ಅವನಿಗೂ ನೆನಪಿಲ್ಲ ತಾನೇ ಎಂದರು. ಹೌದು ಎಂದಿದ್ದರೆ ಮೂರು ಪುಟ ಹೋಗುತ್ತಿದ್ದವು, ಅಥವಾ ನಾಳೆ ಇಬ್ಬರೂ ಹಳ್ಳದ ಬಸ್ಸು ಹತ್ತಬಹುದಿತ್ತು. ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು.

"ನೆನಪಿದೆ ಮೇಡಂ. ಪಶ್ಚಿಮಕ್ಕೆ."

"ಹಾಗಿದ್ರೆ ತಿರುಗಿಸಿ ಹಾಕು, ಮುಗೀತು."

ಕಂಪ್ಯೂಟರಿಗೆ ಹೇಳಿದ್ದರೆ ನಲವತ್ತೊಂದನ್ನೂ ಒಂದೇ ಏಟಿಗೆ ತಿರುಗಿಸುತ್ತಿತ್ತು. ಅವಳು ಒಂದೊಂದಾಗಿ ಉತ್ತರವನ್ನು ಅಳಿಸಿ ದಕ್ಷಿಣ, ದಕ್ಷಿಣವನ್ನು ಅಳಿಸಿ ಉತ್ತರ ಎಂದು ಹೊಡೆಯುತ್ತ ಸಂಜೆಯವರೆಗೂ ಕೂತಳು.